ಬಾಗಿಲ ಬಳಿ ಹೇಳುವ ಮಾತು

ಚಿಕಿತ್ಸಾಲಯದಲ್ಲಿ ಮೂವತ್ತೇಳು ವರ್ಷ ಕುಳಿತ ಮೇಲೆ ನಾವು ಒಂದು ಸಂಗತಿಯನ್ನು ಖಚಿತವಾಗಿ ಕಲಿತಿದ್ದೇವೆ. ಐವತ್ತು ದಾಟಿದ ತಾಯಿ ತನ್ನ ನಿಜವಾದ ತೊಂದರೆಯನ್ನು ಕುರ್ಚಿಯಲ್ಲಿ ಕುಳಿತಾಗ ಹೇಳುವುದಿಲ್ಲ. ಮೊಣಕಾಲು ನೋವು, ಸೊಂಟ ನೋವು, ಅಜೀರ್ಣ ಎಂದು ಹೇಳಿ, ಔಷಧಿ ಪಡೆದು, ಎದ್ದು, ಸೆರಗು ಸರಿಪಡಿಸಿಕೊಂಡು ಬಾಗಿಲವರೆಗೆ ಹೋಗುತ್ತಾಳೆ. ಜೊತೆಗೆ ಬಂದ ಮಗನೋ ಪತಿಯೋ ಚಪ್ಪಲಿ ಮೆಟ್ಟಲು ಹೊರಗೆ ಹೆಜ್ಜೆ ಇಟ್ಟ ಆ ಅರೆಕ್ಷಣದಲ್ಲಿ ತಿರುಗಿ ನಿಂತು, ‘ಇನ್ನೊಂದು ಸಣ್ಣ ಮಾತು ಇತ್ತು’ ಎನ್ನುತ್ತಾಳೆ. ಆ ಸಣ್ಣ ಮಾತಿಗಾಗಿಯೇ ಆಕೆ ಬಂದಿರುತ್ತಾಳೆ.

ಕಳೆದ ವರ್ಷ ಶ್ರಾವಣಕ್ಕೆ ಮುಂಚೆ ಹೀಗೆಯೇ ಒಬ್ಬ ತಾಯಿ ತಿರುಗಿ ನಿಂತರು. ವಯಸ್ಸು 57. ಮುಟ್ಟು ನಿಂತು ಆರು ವರ್ಷಗಳಾಗಿದ್ದವು. ಎಂಟು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಸೀರೆಗೆ ಕಲೆಯಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮೊದಲು ಮಗಳ ನಿಶ್ಚಿತಾರ್ಥವಿತ್ತು, ಅನಂತರ ಮದುವೆ, ಅನಂತರ ಮಗಳನ್ನು ಕಳಿಸಿಕೊಡುವ ಶಾಸ್ತ್ರ. ಇವೆಲ್ಲ ಮುಗಿಯಲಿ ಎಂದು ಕಾದಿದ್ದರು. ‘ಇದಕ್ಕೂ ಒಂದು ಪುಡಿ ಕೊಟ್ಟುಬಿಡ್ರಿ’ ಎಂದರು. ನಾವು ಪುಡಿ ಕೊಡಲಿಲ್ಲ. ಮತ್ತೆ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಹಾಕಿ, ಎಲ್ಲವನ್ನೂ ಕೇಳಿ, ಜಿಲ್ಲಾ ಕೇಂದ್ರದ ಸ್ತ್ರೀರೋಗ ತಜ್ಞರಿಗೆ ಪತ್ರ ಬರೆದು ಅದೇ ವಾರ ಹೋಗುವಂತೆ ಮಾಡಿದೆವು. ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಎಂದು ತಿಳಿಯಿತು. ಅದೃಷ್ಟವಶಾತ್ ಇನ್ನೂ ಹೊರಗೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಈ ಬಾರಿಯ ಜಾತ್ರೆಯಲ್ಲಿ ತೇರಿನ ಹಿಂದೆ ನಡೆದು ಬರುತ್ತಿದ್ದ ಅವರನ್ನು ಕಂಡೆವು.

ಈ ಪ್ರಸಂಗವನ್ನು ನಮ್ಮ ಹೆಗ್ಗಳಿಕೆಗಾಗಿ ಬರೆಯುತ್ತಿಲ್ಲ. ವೃತ್ತಿಯನ್ನು ಆರಂಭಿಸಿದ ನಾಲ್ಕನೆಯ ವರ್ಷದಲ್ಲಿ ಇಂಥದೇ ತೊಂದರೆಯೊಂದಿಗೆ ಬಂದ ತಾಯಿಯೊಬ್ಬರಿಗೆ ನಾವು ಆರು ವಾರ ಅಶೋಕದ ತೊಗಟೆಯ ಕಷಾಯವನ್ನು ಕೊಟ್ಟೆವು. ರಕ್ತ ನಿಂತಿತು. ಅವರೂ ಸಂತೋಷಪಟ್ಟರು, ನಾವೂ ನಮ್ಮ ಕೈಗುಣದ ಬಗ್ಗೆ ಹೆಮ್ಮೆಪಟ್ಟೆವು. ಕೆಲವು ತಿಂಗಳುಗಳ ನಂತರ ರಕ್ತಸ್ರಾವ ಮರುಕಳಿಸಿ ಅವರು ದೊಡ್ಡ ಆಸ್ಪತ್ರೆಗೆ ಹೋದಾಗ ಕಾಲ ಮೀರಿತ್ತು. ಆ ಕುಟುಂಬದವರು ನಮ್ಮನ್ನು ಎಂದೂ ದೂರಲಿಲ್ಲ. ಅದೇ ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಆದ್ದರಿಂದ ಆಯುರ್ವೇದ ವೈದ್ಯರಾಗಿಯೇ ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ: ಪೂರ್ತಿ ಒಂದು ವರ್ಷ ಮುಟ್ಟು ನಿಂತ ಬಳಿಕ ಒಂದು ಹನಿ ರಕ್ತ ಕಂಡರೂ ಅದಕ್ಕೆ ಮೊದಲು ಬೇಕಾದದ್ದು ಪರೀಕ್ಷೆ, ಕಷಾಯವಲ್ಲ. ಹಾಗೆ ರಕ್ತ ಕಂಡ ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದದ್ದೇ ಆಗಿರುತ್ತದೆ. ಒಳಚರ್ಮ ತೆಳುವಾಗಿರುವುದು, ಸಣ್ಣ ಗಂಟು, ಹೀಗೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಕ್ಯಾನ್ಸರಿನ ಸೂಚನೆ. ಆ ಒಬ್ಬರು ಯಾರೆಂಬುದನ್ನು ನಾಡಿ ಹಿಡಿದು ಹೇಳಲು ನಮಗೆ ಬಾರದು. ಬರುತ್ತದೆ ಎನ್ನುವವರಿಂದ ದೂರವಿರುವುದು ಕ್ಷೇಮ.

ತಾಯಂದಿರು ಏಕೆ ಮುಚ್ಚಿಡುತ್ತಾರೆ? ನಾಚಿಕೆ ಎಂಬ ಉತ್ತರ ಸುಲಭವಾದದ್ದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅವುಗಳಲ್ಲಿ ರಜಸ್ಸೂತಕವೂ ಒಂದಾಗಿತ್ತು. ಮುಟ್ಟು ಮೈಲಿಗೆಯಲ್ಲ ಎಂದು ಎಂಟು ನೂರು ವರ್ಷಗಳಿಗೂ ಹಿಂದೆ ಒಪ್ಪಿದ ಪರಂಪರೆಯ ಮನೆಗಳಲ್ಲಿಯೇ ಇಂದು ಮುಟ್ಟು ನಿಂತ ತಾಯಿ ತನ್ನ ಮೈಯ ಮಾತನ್ನು ಮಗಳಿಗೂ ಹೇಳುವುದಿಲ್ಲ. ಮೈಲಿಗೆ ಹೋಯಿತು, ಮೌನ ಉಳಿಯಿತು. ನಾಚಿಕೆಗಿಂತ ದೊಡ್ಡ ಕಾರಣ ಇನ್ನೊಂದಿದೆ ಎಂದು ನಮಗೆ ತೋರುತ್ತದೆ: ತನ್ನ ಸರದಿ ಕೊನೆಯದು ಎಂಬ ನಂಬಿಕೆ. ಮನೆಯ ಎಲ್ಲ ಕೆಲಸವೂ ಮುಗಿದ ಮೇಲೆ ತನ್ನ ದೇಹದ ಸರದಿ ಎಂದು ಆಕೆ ಭಾವಿಸಿದ್ದಾಳೆ. ಮನೆಯ ಕೆಲಸ ಎಂದಾದರೂ ಮುಗಿಯುವುದುಂಟೇ?

ವಾಗ್ಭಟರು ಅಷ್ಟಾಂಗಹೃದಯದಲ್ಲಿ ತಡೆಹಿಡಿಯಬಾರದ 13 ವೇಗಗಳನ್ನು ಹೇಳಿದ್ದಾರೆ. ಅಂದರೆ ದೇಹವು ತಾನಾಗಿ ಕೇಳುವ ಕೇಳಿಕೆಗಳು; ಅವುಗಳನ್ನು ಬಲವಂತವಾಗಿ ತಡೆದರೆ ವಾತ ಪ್ರಕೋಪಗೊಂಡು ರೋಗ ಹುಟ್ಟುತ್ತದೆ. ಆ ಪಟ್ಟಿಯಲ್ಲಿ ಹಸಿವು, ನೀರಡಿಕೆ, ನಿದ್ರೆ, ಮೂತ್ರ, ಕಣ್ಣೀರು ಇವೂ ಇವೆ. ವಿದ್ಯಾರ್ಥಿಯಾಗಿದ್ದಾಗ ನಾವು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆವು. ಈ ಐದನ್ನೂ ಪ್ರತಿದಿನವೂ, ಮೂವತ್ತು ವರ್ಷಗಳ ಕಾಲ, ಒಂದು ವ್ರತದಂತೆ ತಡೆಹಿಡಿಯುವ ವ್ಯಕ್ತಿಯೊಬ್ಬಳು ಪ್ರತಿ ಮನೆಯಲ್ಲಿಯೂ ಇದ್ದಾಳೆಂಬುದು ಹೊಳೆದದ್ದು ಬಹಳ ತಡವಾಗಿ.

ಹಸಿವಿನಿಂದಲೇ ತೊಡಗೋಣ. ‘ಊಟ ಎಷ್ಟು ಗಂಟೆಗೆ?’ ಎಂದು ಕೇಳಿದರೆ ಗಂಡಸರು ಗಂಟೆಯನ್ನು ಹೇಳುತ್ತಾರೆ. ತಾಯಂದಿರು ‘ಎಲ್ಲಾರದೂ ಆದ ಮ್ಯಾಲೆ’ ಎನ್ನುತ್ತಾರೆ. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿಯುವುದೇನು? ರೊಟ್ಟಿ ಉಳಿದಿರುತ್ತದೆ, ಸಾರಿನ ತಿಳಿ ಉಳಿದಿರುತ್ತದೆ. ಕಾಳು, ಸೊಪ್ಪು, ಮೊಸರು ಅಷ್ಟರಲ್ಲಿ ಬೇರೆಯವರ ತಟ್ಟೆಯಲ್ಲಿ ಮುಗಿದಿರುತ್ತವೆ. ಜೋಳದ ರೊಟ್ಟಿ ಉತ್ತಮ ಆಹಾರವೇ. ಅದನ್ನು ಹಳಿಯುವ ಧೈರ್ಯ ನಮಗಿಲ್ಲ, ಇಚ್ಛೆಯೂ ಇಲ್ಲ. ಆದರೆ ಜೋಳದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಮೂರು ರೊಟ್ಟಿಯಿಂದ 50 ಮಿಲಿಗ್ರಾಂ ಕ್ಯಾಲ್ಸಿಯಂ ಸಹ ದೊರೆಯದು. ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಹೇಳಿದೆ. ನಮ್ಮ ಹಿರಿಯರು ರೊಟ್ಟಿಯನ್ನು ಬರಿದಾಗಿ ತಿನ್ನಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗುರೆಳ್ಳಿನ ಹಿಂಡಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕೆನೆಮೊಸರು, ಹಸಿ ಮೆಂತ್ಯದ ಸೊಪ್ಪು ಪಕ್ಕದಲ್ಲಿರುತ್ತಿದ್ದವು. ಆ ತಟ್ಟೆ ಪೂರ್ಣವಾಗಿತ್ತು. ಕೊನೆಯಲ್ಲಿ ಕೂರುವವಳಿಗೆ ಆ ತಟ್ಟೆಯ ಅಂಚು ಮಾತ್ರ ಸಿಗುತ್ತಿದೆ.

ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಎಲುಬು ಸವೆಯುವ ವೇಗ ಹೆಚ್ಚು. ಆಗ ನೋವಿರುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ನಮಗೇ ತಿಳಿಯಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಕೈಯೂರಿದೆವು, ಮಣಿಕಟ್ಟು ಮುರಿಯಿತು. ಊರಿಗೆಲ್ಲ ಪಥ್ಯ ಹೇಳುವ ವೈದ್ಯೆಯ ಎಲುಬಿನ ಸಾಂದ್ರತೆಯನ್ನು ನೋಡಿದ ತರುಣ ಮೂಳೆತಜ್ಞರು, ‘ಮೇಡಂ, ನೀವು ಹಾಲು ಕುಡಿಯುವುದಿಲ್ಲವೇ?’ ಎಂದು ಕೇಳಿದರು. ನಿಜ ಹೇಳಬೇಕೆಂದರೆ ಹಾಲನ್ನು ಮೊಮ್ಮಗನಿಗೆ ಕುಡಿಸಿ ನಾವು ಕರಿ ಚಹಾ ಕುಡಿಯುತ್ತಿದ್ದೆವು. ಅಂದಿನಿಂದ ದಿನಕ್ಕೆ ಎರಡು ಲೋಟ ಹಾಲು ಅಥವಾ ಮಜ್ಜಿಗೆ, ಒಂದು ಹೊತ್ತು ರಾಗಿ, ವಾರಕ್ಕೆ ಮೂರು ಬಾರಿ ನುಗ್ಗೆ ಸೊಪ್ಪು, ಊಟದಲ್ಲಿ ತಪ್ಪದೆ ಕಾಳು ಎಂದು ನಿಯಮ ಮಾಡಿಕೊಂಡೆವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣವಿದೆ. ಅಂಬಲಿಯೋ ಮುದ್ದೆಯೋ ಯಾವುದಾದರೂ ಸರಿ. ಹಾಗೆಯೇ ಮೂಳೆತಜ್ಞರು ಕೊಟ್ಟ ವಿಟಮಿನ್ ‘ಡಿ’ಯನ್ನೂ ತೆಗೆದುಕೊಂಡೆವು. ಇಷ್ಟು ಬಿಸಿಲಿನ ನಾಡಿನಲ್ಲಿಯೂ ನಮ್ಮ ಸ್ತ್ರೀಯರಲ್ಲಿ ಅದರ ಕೊರತೆ ಬಹಳ ಸಾಮಾನ್ಯ. ಅಡುಗೆಮನೆಗೆ ಸೂರ್ಯ ಬರುವುದಿಲ್ಲವಷ್ಟೆ.

ಉಪವಾಸದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ನಿರಾಹಾರವಿರುವ ತಾಯಂದಿರಲ್ಲಿ ಅನೇಕರು ಇಂದು ಸಕ್ಕರೆ ರೋಗದ ಗುಳಿಗೆಯನ್ನು ನುಂಗುತ್ತಿದ್ದಾರೆ. ಊಟ ಬಿಟ್ಟು ಗುಳಿಗೆ ನುಂಗಿದರೆ ರಕ್ತದ ಸಕ್ಕರೆ ಕುಸಿದು ಪೂಜೆಯ ಮಧ್ಯದಲ್ಲಿಯೇ ಎಚ್ಚರ ತಪ್ಪುವುದುಂಟು. ಉಪವಾಸಕ್ಕೆ ಮುನ್ನ ಗುಳಿಗೆ ಬರೆದುಕೊಟ್ಟ ವೈದ್ಯರನ್ನು ಕೇಳಬೇಕು. ದೇವರು ಕೋಪಿಸಿಕೊಳ್ಳುವುದಿಲ್ಲವೆಂಬ ಭರವಸೆಯನ್ನು ಕೊಡಲು ನಾವು ಅಧಿಕಾರಿಗಳಲ್ಲ. ಆದರೆ ಈ ವಿಷಯವನ್ನು ಕೇಳಿದಾಗಲೆಲ್ಲ ಸ್ವಾಮಿಗಳು ‘ಮೊದಲು ಊಟ ಮಾಡಿ’ ಎಂದೇ ಹೇಳಿದ್ದನ್ನು ಕಂಡಿದ್ದೇವೆ.

ಇನ್ನು ಮೂತ್ರದ ವಿಚಾರ. ಇದನ್ನು ಮಠದ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಸಂಪಾದಕರು ಹಿಂಜರಿದಾರು. ಬರೆಯಲೇಬೇಕು. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮೂತ್ರ ಸೋರುವ ತೊಂದರೆ ಐವತ್ತು ದಾಟಿದ ತಾಯಂದಿರಲ್ಲಿ ನಾವು ಊಹಿಸುವುದಕ್ಕಿಂತ ಹೆಚ್ಚು. ಅದರ ಪರಿಣಾಮ ದೇಹಕ್ಕಿಂತ ಬದುಕಿನ ಮೇಲೆ ಹೆಚ್ಚು. ಒಬ್ಬ ತಾಯಿ ಇಪ್ಪತ್ತು ವರ್ಷ ತಪ್ಪದೆ ಪ್ರವಚನಕ್ಕೆ ಬರುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರು. ಭಕ್ತಿ ಕಡಿಮೆಯಾಯಿತೆಂದು ನೆರೆಯವರು ಆಡಿಕೊಂಡರು. ಕಾರಣ ಬೇರೆ: ಎರಡು ತಾಸು ಜಮಖಾನದ ಮೇಲೆ ಕುಳಿತು ಏಳುವಾಗ ಸೀರೆ ಒದ್ದೆಯಾಗುವ ಭಯ. ಮದುವೆಗೆ ಹೋಗುವುದನ್ನೂ ಬಿಟ್ಟರು, ಬಸ್ಸು ಹತ್ತುವುದನ್ನೂ ಬಿಟ್ಟರು, ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ನೀರು ಕಡಿಮೆಯಾಗಿ ಉರಿಮೂತ್ರ ಹಿಡಿಯಿತು. ಸೋರುವುದು ಇನ್ನೂ ಹೆಚ್ಚಿತು. ಇದಕ್ಕೆ ಮೊದಲ ಚಿಕಿತ್ಸೆ ಕಾಸಿನ ಖರ್ಚಿಲ್ಲದ್ದು. ಮೂತ್ರವನ್ನು ನಡುವೆ ತಡೆಯಲು ಬಳಸುವ ಸ್ನಾಯುಗಳನ್ನು, ಮೂತ್ರಕ್ಕೆ ಕುಳಿತಾಗಲ್ಲ, ಬೇರೆ ವೇಳೆಯಲ್ಲಿ, ಐದು ಎಣಿಸುವವರೆಗೆ ಒಳಕ್ಕೆ ಬಿಗಿದು, ಮತ್ತೆ ಅಷ್ಟೇ ಹೊತ್ತು ಸಡಿಲಿಸುವುದು. ಹತ್ತು ಬಾರಿ, ದಿನಕ್ಕೆ ಮೂರು ವೇಳೆ. ಮೂರು ತಿಂಗಳು ಬಿಡದೆ ಮಾಡಬೇಕು. ಹೆಚ್ಚಿನವರಿಗೆ ಸ್ಪಷ್ಟವಾದ ಗುಣ ಕಾಣುತ್ತದೆ. ಗರ್ಭಕೋಶ ಜಾರಿದ್ದರೆ ಅಥವಾ ಮೂತ್ರದಲ್ಲಿ ರಕ್ತವಿದ್ದರೆ ಇದಕ್ಕೆ ಕಾಯದೆ ತಜ್ಞರನ್ನು ಕಾಣಬೇಕು. ಆ ತಾಯಿ ಈಗ ಮತ್ತೆ ಪ್ರವಚನಕ್ಕೆ ಬರುತ್ತಾರೆ; ಆದರೆ ಬಾಗಿಲ ಪಕ್ಕದಲ್ಲಿಯೇ ಕೂರುತ್ತಾರೆ.

ಆದ್ದರಿಂದ ನಮ್ಮ ಸಭಾಭವನಗಳನ್ನೂ ದಾಸೋಹ ಮಂಟಪಗಳನ್ನೂ ಕಟ್ಟಿಸುವ ಭಕ್ತರಲ್ಲಿ ಒಂದು ಬೇಡಿಕೆಯಿದೆ. ಕಮಾನಿಗೂ ಗ್ರಾನೈಟಿಗೂ ದಾನಿಗಳು ಸಿಗುತ್ತಾರೆ. ಸ್ತ್ರೀಯರ ಶೌಚಾಲಯವು ಮಾತ್ರ ಕಟ್ಟಡದ ಹಿಂದೆ, ದೂರದಲ್ಲಿ, ದೀಪವಿಲ್ಲದ ಮೂಲೆಯಲ್ಲಿರುತ್ತದೆ. ಕುಕ್ಕರುಗಾಲಿನಲ್ಲಿ ಕೂರಲಾಗದ ಮೊಣಕಾಲಿನವರಿಗೆ ಅಲ್ಲಿ ಆಸನದ ಕಮೋಡ್ ಇರುವುದಿಲ್ಲ, ಹಿಡಿದು ಏಳಲು ಗೋಡೆಗೊಂದು ಕಂಬಿಯೂ ಇರುವುದಿಲ್ಲ. ಸಭೆಯ ಎರಡೂ ಬದಿಗೆ ಒಂದು ಸಾಲು ಕುರ್ಚಿ, ಹತ್ತಿರದಲ್ಲಿ ಎರಡು ಸ್ವಚ್ಛ ಶೌಚಾಲಯ. ಇಷ್ಟಾದರೆ ಎಷ್ಟು ತಾಯಂದಿರು ಮರಳಿ ಬರುತ್ತಾರೆಂಬುದನ್ನು ಒಂದು ವರ್ಷ ಮಾಡಿ ನೋಡಬಹುದು.

ನಿದ್ರೆ ಮತ್ತು ಬಿಸಿಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇವೆ. ಮೈಯೆಲ್ಲ ಒಮ್ಮೆಲೇ ಕಾದು ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಕಾರಣವಿಲ್ಲದೆ ಸಿಟ್ಟು ಬರುವುದು ಇವು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಹಾರ್ಮೋನಿನ ಇಳಿತದಿಂದ ಬರುತ್ತವೆ. ಹೆಚ್ಚಿನವರಿಗೆ ಕೆಲವು ವರ್ಷಗಳಲ್ಲಿ ತಗ್ಗುತ್ತವೆ. ರಾತ್ರಿಯ ಊಟವನ್ನು ಬೇಗ ಮುಗಿಸುವುದು, ಸಂಜೆಯ ನಂತರ ಚಹಾ ಬಿಡುವುದು, ನೆತ್ತಿ, ಕಿವಿ, ಅಂಗಾಲುಗಳಿಗೆ ಎಳ್ಳೆಣ್ಣೆಯ ಅಭ್ಯಂಗ ಇವುಗಳಿಂದ ಉಪಶಮನ ದೊರೆಯುತ್ತದೆ. ಸಾಲದಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ತಜ್ಞರೊಡನೆ ಮಾತನಾಡುವುದರಲ್ಲಿ ತಪ್ಪಿಲ್ಲ. ಕೆಲವರಿಗೆ ಅದು ಸಲ್ಲುತ್ತದೆ, ಕೆಲವರಿಗೆ ಸಲ್ಲದು. ಶತಾವರಿಯನ್ನು ಟಿವಿಯ ಜಾಹೀರಾತು ನೋಡಿ ತರಿಸಿ ತಿನ್ನುವವರಿದ್ದಾರೆ. ಸ್ತನದ ಕ್ಯಾನ್ಸರ್ ಬಂದು ಹೋದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಥೈರಾಯ್ಡ್ ಗುಳಿಗೆ ನುಂಗುವವರಿಗೆ ಅಶ್ವಗಂಧದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ನಮ್ಮ ಶಾಸ್ತ್ರದ ಔಷಧಿಗಳಿಗೆ ಶಕ್ತಿಯಿದೆ ಎಂದು ನಂಬುವವರು, ಶಕ್ತಿಯಿರುವ ವಸ್ತುವಿನಿಂದ ಅಪಾಯವೂ ಉಂಟೆಂಬುದನ್ನು ಒಪ್ಪಬೇಕಾಗುತ್ತದೆ.

ಎದೆಯ ಮಾತೊಂದು ಉಳಿದಿದೆ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಹೃದಯಾಘಾತದ ಸಂಭವ ಏರುತ್ತದೆ. ಅವರಲ್ಲಿ ಅನೇಕರಿಗೆ ಎದೆ ಹಿಂಡುವ ನೋವು ಇರುವುದಿಲ್ಲ. ದವಡೆ, ಬೆನ್ನು, ಭುಜಗಳಲ್ಲಿ ನೋವು, ಏದುಸಿರು, ವಾಕರಿಕೆ, ವಿವರಿಸಲಾಗದ ಆಯಾಸ ಇವೇ ಲಕ್ಷಣಗಳಾಗಬಹುದು. ಅದನ್ನು ‘ಗ್ಯಾಸ್’ ಎಂದು ತಿಳಿದು ಜೀರಿಗೆ ನೀರು, ಸೋಡಾ ಕುಡಿದು ಮಲಗಿದವರನ್ನು ಬೆಳಗಿನ ಜಾವ ಕರೆತಂದದ್ದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಹೊಸದಾಗಿ ಕಾಣಿಸಿದ ಇಂಥ ಆಯಾಸಕ್ಕೆ, ಅದರಲ್ಲಿಯೂ ಬೆವರು ಕೂಡಿದ್ದರೆ, ಒಂದು ಇ.ಸಿ.ಜಿ. ಮಾಡಿಸುವುದೇ ಸರಿ, ಅದೂ ಆ ಗಳಿಗೆಯಲ್ಲಿಯೇ.

ಹೀಗೆಲ್ಲ ಬರೆದಾಗ, ‘ಇನ್ನೇನು, ನಮ್ಮದೆಲ್ಲ ಆಯಿತು’ ಎಂಬ ಉತ್ತರ ಬರುತ್ತದೆ. ಐವತ್ತೆರಡು ವರ್ಷದ ತಾಯಿಯ ಬಾಯಲ್ಲಿ ಈ ಮಾತನ್ನು ಕೇಳಿದಾಗ ನಮಗೆ ಸಿಟ್ಟೇ ಬರುತ್ತದೆ. ಸ್ತ್ರೀಯರ ರಜಸ್ಸು ಐವತ್ತಕ್ಕೆ ಕ್ಷಯಿಸುತ್ತದೆ ಎಂದ ಸುಶ್ರುತರೇ ವಾರ್ಧಕ್ಯ ಆರಂಭವಾಗುವುದು ಎಪ್ಪತ್ತರ ನಂತರ ಎಂದಿದ್ದಾರೆ. ಚರಕರು ಅರವತ್ತರವರೆಗೆ ಮಧ್ಯವಯಸ್ಸು ಎನ್ನುತ್ತಾರೆ. ಯಾವ ಲೆಕ್ಕದಲ್ಲಿ ನೋಡಿದರೂ ಮುಟ್ಟು ನಿಲ್ಲುವುದು ಮಧ್ಯವಯಸ್ಸಿನ ಒಳಗಿನ ಘಟನೆ. ಅದರಾಚೆಗೆ ಇಪ್ಪತ್ತು, ಮೂವತ್ತು ವರ್ಷಗಳ ಬದುಕು ಬಾಕಿಯಿರುತ್ತದೆ. ಆ ವರ್ಷಗಳು ಯಾರವು ಎಂಬುದೇ ಪ್ರಶ್ನೆ.

ಈಗಿನ ರೂಢಿಯಲ್ಲಿ ಅವು ಮೊಮ್ಮಕ್ಕಳವು. ಬೆಂಗಳೂರಿನಲ್ಲಿ ಮಗ ಸೊಸೆ ಇಬ್ಬರೂ ದುಡಿಯುತ್ತಾರೆ. ಮಗುವನ್ನು ನೋಡಿಕೊಳ್ಳಲು ತಾಯಿ ಬೇಕು. ಅಮೆರಿಕದಲ್ಲಿ ಮಗಳ ಬಾಣಂತನಕ್ಕೆ ಆರು ತಿಂಗಳು ತಾಯಿ ಬೇಕು. ಇದರಲ್ಲಿ ಸಂತೋಷವಿಲ್ಲವೆಂದು ಯಾರು ಹೇಳಿಯಾರು? ಮೊಮ್ಮಗುವಿಗೆ ಎರೆಯುವ ಸುಖ ದೊಡ್ಡದೇ. ಆದರೆ ಆರು ತಿಂಗಳ ರಕ್ತದೊತ್ತಡದ ಗುಳಿಗೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟ ತಾಯಂದಿರು ಹಿಮದ ಕಿಟಕಿಯ ಹಿಂದೆ, ಮಾತನಾಡಲು ಒಬ್ಬರೂ ಇಲ್ಲದೆ, ಹೊತ್ತು ಕಳೆದು ಬಂದದ್ದನ್ನು ನಮ್ಮ ಮುಂದೆ ಹೇಳಿ ಅತ್ತಿದ್ದಾರೆ. ಮಗಳ ಮುಂದೆ ಅತ್ತಿಲ್ಲ. ಹದಿಮೂರು ವೇಗಗಳಲ್ಲಿ ಕಣ್ಣೀರೂ ಒಂದೆಂದು ಮೇಲೆ ಹೇಳಿದೆವು. ‘ಎಷ್ಟು ತಿಂಗಳು ಇರಬಲ್ಲೆ ಅವ್ವ?’ ಎಂದು ಟಿಕೆಟ್ ತೆಗೆಯುವ ಮುನ್ನ ಕೇಳುವ ಮಕ್ಕಳು ಇನ್ನೂ ಅಪರೂಪ. ಬೇಕಾದಷ್ಟು ಸಾಕು, ಹೆಚ್ಚಿನದು ಬೇಡವೆಂದು ಪತಿ ತಂದ ಅಕ್ಕಿಯನ್ನೇ ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ನಾವು ಕಾರ್ಯಕ್ರಮಗಳಲ್ಲಿ ಎಷ್ಟು ಸಾರಿ ಹೇಳುತ್ತೇವೆ! ಕೆಲಸದ ವಿಷಯದಲ್ಲಿಯೂ ‘ಇಷ್ಟು ಸಾಕು’ ಎಂದು ಹೇಳುವ ಹಕ್ಕು ನಮ್ಮ ಲಕ್ಕಮ್ಮಂದಿರಿಗೆ ಇದೆಯೇ?

ಇದರ ನಡುವೆ ಒಳ್ಳೆಯದೂ ನಡೆಯುತ್ತಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಸ್ತ್ರೀಯರಿಗೆ ಟಿಕೆಟ್ ಇಲ್ಲವಾದ ಮೇಲೆ, ಮಗನ ಕೈಯನ್ನು ನೋಡದೆ ತಾವಾಗಿಯೇ ಎರಡನೆಯ ಭೇಟಿಗೆ ಬರುವ ತಾಯಂದಿರು ಹೆಚ್ಚಿದ್ದಾರೆ. ರಾಜಕೀಯ ನಮಗೆ ತಿಳಿಯದು. ಒಬ್ಬಳೇ ಬಂದ ತಾಯಿ ಬಾಗಿಲ ಬಳಿಗೆ ಹೋಗುವವರೆಗೆ ಕಾಯದೆ ಕುರ್ಚಿಯಲ್ಲಿಯೇ ಮಾತು ತೆರೆಯುತ್ತಾಳೆಂಬುದಷ್ಟು ತಿಳಿದಿದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಮೊಮ್ಮಗಳಿಂದ ಅಕ್ಷರ ಕಲಿತು, ಔಷಧಿಯ ಚೀಟಿಯನ್ನು ತಾವೇ ಓದಿ, ‘ಇದರಾಗ ಒಂದು ಗುಳಿಗಿ ಎರಡು ಸಾರಿ ಬರದೀರಿ’ ಎಂದು ನಮ್ಮ ತಪ್ಪನ್ನು ತೋರಿಸಿದ ತಾಯಿಯೊಬ್ಬರಿದ್ದಾರೆ. ಅವರ ಮುಖದಲ್ಲಿ ಅಂದು ಕಂಡ ಕಳೆಯನ್ನು ಯಾವ ರಸಾಯನವೂ ತರಲಾರದು. ನಾಲ್ಕು ಮಂದಿ ಗೆಳತಿಯರು ಸೇರಿ ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ನಡೆಯುವ ಗುಂಪೊಂದಿದೆ. ಹಣೆಯಲ್ಲಿ ಬೆವರು ಕಾಣುವವರೆಗೆ ಮಾತ್ರ ನಡೆಯಬೇಕು, ಅರ್ಧ ಶಕ್ತಿಯಷ್ಟೇ ವ್ಯಾಯಾಮ ಎಂಬ ಶಾಸ್ತ್ರದ ಅಳತೆಯನ್ನು ಅವರಿಗೆ ಹೇಳಿಕೊಟ್ಟಿದ್ದೇವೆ. ಅವರು ನಡೆಯುವುದಕ್ಕಿಂತ ನಗುವುದೇ ಹೆಚ್ಚು. ಅದನ್ನೂ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ.

ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ 30ರಿಂದ 65 ವರ್ಷದ ಸ್ತ್ರೀಯರಿಗೆ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಉಚಿತವಾಗಿ ಮಾಡುವ ಕಾರ್ಯಕ್ರಮವಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ನೆರೆಯ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮಲ್ಲಿಗೆ ಬರುವುದಾದರೆ ಹಳೆಯ ಚೀಟಿಗಳನ್ನೂ, ಅಲೋಪತಿ, ನಾಟಿ ಎನ್ನದೆ ನುಂಗುತ್ತಿರುವ ಎಲ್ಲ ಗುಳಿಗೆ ಪುಡಿಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಕೊನೆಯ ಮುಟ್ಟು ಯಾವಾಗ ಆಯಿತೆಂಬುದನ್ನು ನೆನಪು ಮಾಡಿಕೊಂಡು ಬನ್ನಿ. ಮಗ ಅಥವಾ ಪತಿ ಜೊತೆಗೆ ಬಂದಿದ್ದರೆ ಮೊದಲ ಹತ್ತು ನಿಮಿಷ ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿರಲಿ. ಅಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಟ್ಟಿದ್ದೇವೆ.